ಶನಿವಾರದ ದಾರಿ

ಹಲ್ಡಾ ಇಸ್ತ್ರಿ ಮಾಡಿದ ಬಿಳಿಯ ಅಂಗಿಯನ್ನು ಬಾಗಿಲ ಹಿಂದಿನ ಗೂಟಕ್ಕೆ ತೂಗುಹಾಕಿ, "ಇದನ್ನೇ ಹಾಕ್ಕೊಂಡು ಹೋಗು" ಅಂದಾಗ ಬ್ರಿಸ್ಟೊಗೆ ಅವಳ ಮುಖ ನೋಡಲಾಗಲಿಲ್ಲ. ನಸುಕಿನಿಂದ ಅಂಗಳದ ಮೂಲೆಯಲ್ಲಿ ಕೂತು ಒಂದೇ ಪೀಪಾಯಿಯ ಹಲಗೆಗಳನ್ನು ಜೋಡಿಸುತ್ತಿದ್ದ. ಕಬ್ಬಿಣದ ಬಳೆ ಬಡಿದು ಬಿಗಿ ಮಾಡುವ ಹೊತ್ತಿಗೆ ಒಂದು ಹಲಗೆ ಒಳಕ್ಕೆ ಜಾರುತ್ತಿತ್ತು, ಮತ್ತೆ ಎಲ್ಲವೂ ಬಿಚ್ಚಿಕೊಂಡು ಬೀಳುತ್ತಿತ್ತು. ಟ್ರೆಂಟ್ ನದಿಯ ಈ ದಂಡೆಯಲ್ಲಿ ರಾಳದ ಪೀಪಾಯಿ ಕಟ್ಟುವವರಲ್ಲಿ ಅವನ ಕೈಗೆ ಹೆಸರಿತ್ತು. ಇವತ್ತು ಆ ಕೈ ಬೇರೆ ಯಾರದೋ ಆಗಿತ್ತು. "ಹಳೇದೇ ಸಾಕಾಗಿತ್ತು" ಎಂದ. "ಸಾಕಾಗಿತ್ತು ಅಂತ ನೀನು ಅಂತೀಯ. ಹದಿನೇಳು ವರ್ಷ ಆದ್ಮೇಲೆ ನೋಡೋಳು ಏನಂತಾಳೆ? ಆ ಹಲ್ಡಾ ನನ್ನ ಗಂಡನ್ನ ಚಿಂದಿ ಉಡಿಸಿ ಇಟ್ಟವಳೆ ಅಂತಾಳೆ. ಹೂಂ, ಕೊರಳಗುಂಡಿ ಹಾಕ್ಕೋ." ನನ್ನ ಗಂಡ ಎನ್ನುವ ಮಾತನ್ನು ಹಲ್ಡಾ, ಇವತ್ತು ಬರಲಿರುವ ಅವನ ಮೊದಲ ಹೆಂಡತಿ ವೈನಿಯ ಬಾಯಲ್ಲಿಟ್ಟು ಎಷ್ಟು ಸಲೀಸಾಗಿ ಹೇಳಿಬಿಟ್ಟಳು. ಅದು ಔದಾರ್ಯವೋ, ಚುಚ್ಚುಮಾತೋ, ಅಥವಾ ಅವಳೇ ಅದರ ರುಚಿ ನೋಡುತ್ತಿದ್ದಾಳೋ ಅವನಿಗೆ ಗೊತ್ತಾಗಲಿಲ್ಲ. ಅಂಗಿಯ ಬಟ್ಟೆ ಇನ್ನೂ ಬೆಚ್ಚಗಿತ್ತು. ಆ ಬಿಸಿ ಬೆನ್ನಿಗೆ ತಾಗಿದಾಗ ತಪ್ಪು ಮಾಡಿದವನ ಹಾಗೆ ಮೈ ಜುಮ್ಮೆಂದಿತು.

ತಿಂಗಳ ಹಿಂದೆ ಚರ್ಚಿನಲ್ಲಿ ಪಾದ್ರಿಗಳು ಎಂದಿನಂತೆ ಕನ್ನಡಕ ಏರಿಸಿಕೊಂಡು, ಕಳೆದುಹೋದವರ ಹೆಸರುಗಳನ್ನು ಓದಿದ್ದರು. ಗುಲಾಮರನ್ನು ಬಿಡಿಸಿದ ಯುದ್ಧ ಮುಗಿದಾಗಿನಿಂದ ಅದು ನಡೆದೇ ಇತ್ತು. ಟೆನೆಸಿಯಲ್ಲಿ ಒಬ್ಬ ತಾಯಿ ಮಗನನ್ನು ಹುಡುಕುತ್ತಿದ್ದಾಳೆ, ಟೆಕ್ಸಸ್ಸಿನಲ್ಲಿ ಒಬ್ಬ ಅಣ್ಣ ತಂಗಿಯನ್ನು. ಮಾರಿದ ದಣಿಗಳ ಹೆಸರು ಹೀಗೆ, ಕೊಂಡವರ ಹೆಸರು ಹೀಗೆ. ಆ ಹೊತ್ತಿನಲ್ಲಿ ಚರ್ಚು ಉಸಿರು ಬಿಗಿಹಿಡಿಯುತ್ತಿತ್ತು. ಹಲ್ಡಾ ವರ್ಜೀನಿಯಾಕ್ಕೆ ಮಾರಿಹೋದ ತನ್ನ ತಮ್ಮನ ಹೆಸರು ಬಂದೀತೆಂದು ಕಾಯುತ್ತಿದ್ದಳು. ಇನ್ನೊಂದು ಹೆಸರು ಬಾರದಿರಲಿ ಎಂದೂ ಕಾಯುತ್ತಿದ್ದಳೆಂದು ಬ್ರಿಸ್ಟೊಗೆ ಗೊತ್ತಾದದ್ದು ಆ ಭಾನುವಾರವೇ. 'ಅಲಬಾಮಾದ ವೈನಿ ಎಂಬಾಕೆ ಟ್ರೆಂಟ್ ನದಿಯ ಕಡೆಯ ಪೀಪಾಯಿ ಕಟ್ಟುವ ಬ್ರಿಸ್ಟೊ ಎಂಬಾತನನ್ನೂ, ಟೆಂಪಿ ಎಂಬ ಹೆಣ್ಣುಮಗುವನ್ನೂ ಹುಡುಕುತ್ತಿದ್ದಾಳೆ' ಎಂದು ಪಾದ್ರಿಗಳು ಓದಿದಾಗ ಹಲ್ಡಾ ತನ್ನ ಮಡಿಲ ಮೇಲಿದ್ದ ಕೈಯನ್ನು ತಿರುಗಿಸಿ ಅಂಗೈಯನ್ನೇ ದಿಟ್ಟಿಸಿದಳು. ಮನೆಗೆ ಬಂದು ಒಲೆಗೆ ಸೌದೆ ತುರುಕುತ್ತ, "ಬಾ ಅಂತ ಹೇಳಿಕಳಿಸು. ನನ್ನ ತಮ್ಮನಿಗೆ ಅಲ್ಲಿ ಯಾರಾದರೂ ಬಾ ಅಂದರೆ ನನಗೆ ಹೇಗಿರುತ್ತೆ" ಎಂದಳು. ಅಷ್ಟೇ. ಮಗಳು ಟೆಂಪಿಯೇ ಕುದಿದುಹೋದವಳು. ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಹೇಳಿಕೊಡುವ ಹುಡುಗಿ, ಹತ್ತೊಂಬತ್ತರ ಬಿಸಿರಕ್ತ. ಇವತ್ತು ಬೆಳಗ್ಗೆಯೂ ಬೂಟಿನ ದಾರ ಕಟ್ಟಿಕೊಳ್ಳುತ್ತ ತಲೆಯೆತ್ತದೆ ಕೇಳಿದ್ದಳು: "ನಾನು ಅವರನ್ನ ಏನಂತ ಕರೀಬೇಕು? ಅದನ್ನಾದರೂ ಹೇಳಿ." "ಬಾಯಿಗೆ ಏನು ಬರುತ್ತೋ ಅದು" ಎಂದಳು ಹಲ್ಡಾ. "ಬಾಯಿಗೆ ಏನೂ ಬರಲ್ಲ ಅಮ್ಮಾ. ಅದೇ ನನ್ನ ಕಷ್ಟ."

ದೋಣಿಯಲ್ಲಿ ನದಿ ದಾಟಿ ನ್ಯೂ ಬರ್ನ್ ಪೇಟೆಯ ಕಡೆ ಹೋಗುವಾಗ ನೀರಿನ ಮೇಲೆ ಅಕ್ಟೋಬರಿನ ಮಂಜು ಇನ್ನೂ ಹರಿದಿರಲಿಲ್ಲ. ಎಲ್ಲೋ ಯಾರೋ ಪೈನ್ ಚಕ್ಕೆ ಸುಡುತ್ತಿದ್ದರು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ ಅವನು ಶನಿವಾರದ ದಾರಿಯಲ್ಲಿದ್ದ. ಬೇರೆ ದಣಿಯ ತೋಟದ ಹೆಣ್ಣನ್ನು ಕಟ್ಟಿಕೊಂಡವನಿಗೆ ವಾರದಲ್ಲಿ ಒಂದೇ ರಾತ್ರಿ ಸಂಸಾರ. ಸೂರ್ಯ ಮರಗಳ ಹಿಂದೆ ಇಳಿಯುತ್ತಲೂ ದಣಿ ಕೊಟ್ಟ ಅನುಮತಿ ಚೀಟಿಯನ್ನು ಟೋಪಿಯ ಒಳಗಿಟ್ಟುಕೊಂಡು, ಮೊದಲು ಪೈನ್ ತೋಪು, ಆಮೇಲೆ ಕಪ್ಪು ನೀರಿನ ಹಳ್ಳ, ಹಳ್ಳದಲ್ಲಿ ಮೊಣಕಾಲು ಮುಳುಗುವ ಚಳಿ, ದಾಟಿದ ಮೇಲೆ ಹಣ್ಣು ಬಿಟ್ಟ ಪರ್ಸಿಮನ್ ಮರ. ಹಿಮ ಬಿದ್ದ ಮೇಲೆ ಆ ಹಣ್ಣಿನ ಸಿಹಿಯೇ ಬೇರೆ. ಜೇಬಿನ ತುಂಬ ಆರಿಸಿಕೊಂಡು ಬೇಲಿಯ ಹತ್ತಿರ ನಿಂತು ಕ್ವೇಲ್ ಹಕ್ಕಿಯ ಹಾಗೆ ಶಿಳ್ಳೆ ಹಾಕಿದರೆ, ಗುಡಿಸಲ ಸಾಲಿನ ಕೊನೆಯಲ್ಲಿ ಒಂದು ಬಾಗಿಲು ತೆರೆದು ಬೆಂಕಿಯ ಕೆಂಪು ನೆಲಕ್ಕೆ ಬೀಳುತ್ತಿತ್ತು, ಅದರ ನಡುವೆ ತೆಳ್ಳಗೆ ಎತ್ತರಕ್ಕೆ ವೈನಿಯ ನೆರಳು. ಜೀವನದಲ್ಲಿ ಅದಕ್ಕಿಂತ ಸುಖದ ಹೊತ್ತು ಅವನಿಗೆ ಬಂದಿರಲಿಲ್ಲ. ಬಿಡುಗಡೆಯಾದ ದಿನವೂ ಅಲ್ಲ. ಜನವರಿಯ ಆ ದಿನ, ದಣಿಗಳಿಂದ ಓಡಿಬಂದವರ ಶಿಬಿರದಲ್ಲಿ ಮುದುಕರು ಕೆಸರಿನಲ್ಲಿ ಮಂಡಿಯೂರಿ ಅತ್ತಿದ್ದರು, ಹಲ್ಡಾ ಬಟ್ಟೆ ಒಗೆಯುವ ಕೋಲನ್ನು ಎತ್ತಿ ಎಸೆದು ಕುಣಿದಿದ್ದಳು, ಅವನೂ ಹಾಡಿದ್ದ. ಆದರೆ ಕಣ್ಣು ಮುಚ್ಚಿದರೆ ಬರುತ್ತಿದ್ದದ್ದು ಆ ಕೆಂಪು ಬೆಳಕು. ತನ್ನ ಬದುಕಿನ ಸವಿಯೆಲ್ಲ ಸಂಕೋಲೆಯ ಕಾಲದಲ್ಲೇ ಉಳಿದುಹೋಗಿದೆಯಲ್ಲ ಎಂದು ಯಾರಿಗೆ ಹೇಳುವುದು? ಅದಕ್ಕಾಗಿ ಸೈನ್ಯ ಸೇರಿ ಫ್ಲಾರಿಡಾದ ಕಾಡಿನಲ್ಲಿ ಪಕ್ಕದವನ ತಲೆ ಗುಂಡಿಗೆ ಒಡೆದದ್ದನ್ನು ನೋಡಿ ಬಂದದ್ದೇ?

ಪೇಟೆಯ ಬೀದಿಯಲ್ಲಿ ಮಿಸ್ ಲೆಟೀಷಾ ಎದುರಾದಳು. ಹಳೆಯ ದಣಿಯ ಮಗಳು. ಅಣ್ಣಂದಿರಿಬ್ಬರೂ ವರ್ಜೀನಿಯಾದ ಯುದ್ಧದಲ್ಲಿ ಹೋಗಿ, ಅಪ್ಪ ಕೊರಗಿ ಹೋಗಿ, ತೋಟ ಪರರ ಪಾಲಾಗಿ, ಈಗ ಎರಡು ಕೋಣೆ ಬಾಡಿಗೆಗೆ ಕೊಟ್ಟು ರೈಲ್ವೆ ಗುಮಾಸ್ತರಿಗೆ ಊಟ ಹಾಕಿ ಬದುಕುತ್ತಿದ್ದಳು. ಕಪ್ಪು ಗೌನಿನ ಅಂಚು ಹಸಿರಿಗೆ ತಿರುಗಿತ್ತು. ಅವಳನ್ನು ಕಂಡ ಕೂಡಲೇ ಅವನ ಕಾಲು ತಾನಾಗಿಯೇ ಅವಳಿಗೆ ದಾರಿ ಬಿಟ್ಟು ಹಲಗೆಯ ಕಾಲುದಾರಿಯಿಂದ ಕೆಳಗಿಳಿಯಿತು. ಇಳಿದ ಮೇಲೆ ಅವನಿಗೆ ತಿಳಿಯಿತು, ಇಳಿದೆನೆಂದು. ಸಮವಸ್ತ್ರ ಹಾಕಿದ್ದಾಗ ಇದೇ ಬೀದಿಯ ನಡುವೆ ಬೂಟು ಬಡಿದುಕೊಂಡು ನಡೆದಿದ್ದ. ಸಮವಸ್ತ್ರ ಹೋಯಿತು, ಕಾಲಿಗೆ ಹಳೆಯದೇ ನೆನಪು.

"ಬ್ರಿಸ್ಟೊ! ಏನು ಮದುವಣಿಗನ ಹಾಗೆ?"

"ನೆಂಟರು ಬರ್ತಾ ಇದಾರೆ ಚಿಕ್ಕಮ್ಮಾವ್ರೇ. ರೈಲಿಗೆ."

"ಪಾಪ, ನೀನು ಮೊದಲಿಂದಲೂ ನೆಂಟರಿಗೆ ಜೀವ ಬಿಡೋನು. ಶನಿವಾರ ಬಂದರೆ ಸಾಕು, ಅಡುಗೆಮನೆ ಬಾಗಿಲಲ್ಲಿ ಟೋಪಿ ಹಿಡ್ಕೊಂಡು ನಿಂತಿರ್ತಿದ್ದೆ. ನಿನ್ನ ಚೀಟಿ ನಾನೇ ಬರೀತಿದ್ದೆ, ನೆನಪಿದೆಯಾ? ಅಪ್ಪ ಬರೀ ರುಜು ಹಾಕೋರು. ಅಕ್ಷರ ದುಂಡಗೆ ಬರಲಿ ಅಂತ ನನಗೆ ಆ ಕೆಲಸ ಕೊಟ್ಟಿದ್ದರು." ಅವಳು ನಕ್ಕಳು, ಕಣ್ಣಂಚಿನಲ್ಲಿ ನೀರು ಬಂತು. "ಆ ದಿನಗಳು ಇನ್ನು ಬರಲ್ಲ. ನೀನು ಹೇಳಲ್ಲ, ಆದರೆ ನಿನಗೂ ಆಗಾಗ ಅನ್ನಿಸುತ್ತೆ, ನನಗೆ ಗೊತ್ತು."

"ನೆನಪಾಗುತ್ತೆ ಅಮ್ಮಾವ್ರೇ" ಅಂದ. ಹಾಗಂದು ಬೇಗ ಬೇಗ ಮುಂದೆ ನಡೆದ. ಸುಳ್ಳು ಹೇಳಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅವಳು ನೆನೆಯುತ್ತಿದ್ದ ದಿನಗಳೂ ತಾನು ನೆನೆಯುವ ದಿನಗಳೂ ಅವೇ: ಅದೇ ಶನಿವಾರ, ಅದೇ ಇಳಿಬಿಸಿಲು, ಅವಳ ದುಂಡಗಿನ ಅಕ್ಷರ ತನ್ನ ಟೋಪಿಯೊಳಗೆ. ಆ ಸವಿಗೆ ಅವಳೂ ಒಂದು ಕೈ ಹಾಕಿದ್ದಳು. ಅದನ್ನು ಅವಳಿಂದ ಬಿಡಿಸಿಕೊಳ್ಳುವುದು ಹೇಗೆ?

ರೈಲು ತಡವಾಗಿಯೇ ಬಂತು. ಕರಿಯರ ಡಬ್ಬಿಯಿಂದ ಜನ ಇಳಿಯುತ್ತಿದ್ದಂತೆ ಅವನು ತೆಳ್ಳಗೆ ಎತ್ತರವಿದ್ದ ಒಬ್ಬಳು ಹೆಂಗಸಿನ ಕಡೆ ಎರಡು ಕೈ ಚಾಚಿ ನಡೆದುಬಿಟ್ಟ. ಅವಳು ಬೆದರಿ ಬುಟ್ಟಿಯನ್ನು ಎದೆಗೊತ್ತಿಕೊಂಡಳು. ಹಿಂದಿನಿಂದ ಯಾರೋ ಎದೆ ತುಂಬಿ ನಕ್ಕರು. "ಆ ಹುಡುಗಿ ಹಿಂದೆ ಎಲ್ಲಿಗೆ ಹೊರಟೆ ಬ್ರಿಸ್ಟೊ? ನಾನು ಇಲ್ಲಿದೀನಿ." ತಿರುಗಿದ. ದಪ್ಪಗೆ, ನರೆತ ತಲೆಗೆ ನೀಲಿ ವಸ್ತ್ರ ಸುತ್ತಿ, ಒಂದು ಕಾಲನ್ನು ತುಸು ಎಳೆದು ನಡೆಯುವ ಹೆಂಗಸು. ಅವನು ಅವಳ ಮುಖದಲ್ಲಿ ವೈನಿಯನ್ನು ಹುಡುಕಿದ. ಹುಡುಕುತ್ತಿರುವುದು ಅವಳಿಗೆ ಕಾಣುತ್ತಿದೆಯೆಂದು ಗೊತ್ತಾಗಿ ನಾಚಿಕೆಯಾಯಿತು. "ನೋಡು, ನೋಡು, ಇದ್ದಾಳೆ ಒಳಗೆ ಎಲ್ಲೋ" ಎಂದಳು ಅವಳು. "ನೀನೇನು ಕಮ್ಮಿ ಮುದುಕ ಆಗಿಲ್ಲ."

ಮರಳುವ ದೋಣಿಯಲ್ಲಿ ಹುಟ್ಟು ಹಾಕುವವನು ಎದುರು ಕೂತವರಿಗೇ ಮುಖ ಕೊಟ್ಟು ಕೂರಬೇಕು. ಬೇರೆಡೆ ನೋಡಲು ದಾರಿಯಿರಲಿಲ್ಲ. ನಡು ನದಿಯವರೆಗೂ ಇಬ್ಬರೂ ರೈಲಿನ ಹೊಗೆಯ ಬಗ್ಗೆ, ಅಲಬಾಮಾದ ಮಣ್ಣಿನ ಬಗ್ಗೆ ಮಾತಾಡಿದರು. ಅಲ್ಲಿ ಅವಳಿಗೆ ಇಬ್ಬರು ಗಂಡುಮಕ್ಕಳಿದ್ದರು. "ಗಂಡನೂ ಇದ್ದ. ಒಳ್ಳೆಯವನು. ಹೋದ ಚಳಿಗಾಲ ತೀರಿಕೊಂಡ. ಅವನಿದ್ದಾಗ ಹುಡುಕೋಕೆ ಮನಸ್ಸು ಬರಲಿಲ್ಲ. ಮುಖ ಸಣ್ಣಗೆ ಮಾಡ್ಕೋತಿದ್ದ." ಬ್ರಿಸ್ಟೊಗೆ ಸತ್ತವನ ಮೇಲೆ ಹೊಟ್ಟೆಕಿಚ್ಚು ಭುಗಿಲೆಂದಿತು. ಹಲ್ಡಾ ಇಸ್ತ್ರಿ ಮಾಡಿದ ಅಂಗಿಯೊಳಗೆ ಕೂತು ಇಂಥ ಹೊಟ್ಟೆಕಿಚ್ಚು! ಹುಟ್ಟು ನೀರಿನಲ್ಲಿ ಅಡ್ಡಡ್ಡ ಬಿತ್ತು. ಇನ್ನು ತಡೆಯಲಾರದೆ ಕೇಳಿದ: "ಶಿಳ್ಳೆ ನೆನಪಿದೆಯಾ?"

"ಯಾವ ಶಿಳ್ಳೆ?"

"ಬೇಲಿ ಹತ್ತಿರ. ಶನಿವಾರ. ಕ್ವೇಲ್ ಹಕ್ಕಿ ಹಾಗೆ. ನೀನು ಬಾಗಿಲು ತೆಗೀತಿದ್ದೆ."

ಅವಳು ನಿಜವಾಗಿ ಯೋಚಿಸಿದಳು. "ಶಿಳ್ಳೆ ಇದ್ದಿರಬೇಕು. ನನಗೆ ನೆನಪಿರೋದು ನಿನ್ನ ಒದ್ದೆ ಷರಾಯಿ. ಹಳ್ಳ ದಾಟಿ ಬಂದವನೇ ಎರಡು ತುತ್ತು ತಿಂದು ಗೋಡೆ ಕಡೆ ಮುಖ ಹಾಕಿ ಗೊರಕೆ ಹೊಡೀತಿದ್ದೆ. ನಾನು ಬೆಂಕಿ ಮುಂದೆ ಷರಾಯಿ ಹಿಡ್ಕೊಂಡು ಕೂತಿರ್ತಿದ್ದೆ, ಒಂದು ಕಾಲು ಒಣಗಿದರೆ ಇನ್ನೊಂದು. ಗಸ್ತಿನವರ ಕುದುರೆ ಸದ್ದು ಬಂತಾ ಅಂತ ಕಿವಿ ಬಾಗಿಲಿಗೆ." ಆಮೇಲೆ ಅವನ ಮುಖ ನೋಡಿ ದನಿ ಇಳಿಸಿದಳು. "ಪರ್ಸಿಮನ್ ಹಣ್ಣು ತರ್ತಿದ್ದೆ. ಅದು ನೆನಪಿದೆ. ಅರ್ಧ ಜಜ್ಜಿಹೋಗಿರ್ತಿತ್ತು." ತನಗೆ ಭಿಕ್ಷೆ ಹಾಕುತ್ತಿದ್ದಾಳೆ ಅನ್ನಿಸಿತು. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದಂತೆ ಎದೆಯಲ್ಲಿ ಬಚ್ಚಿಟ್ಟುಕೊಂಡದ್ದು ಅವಳ ಹತ್ತಿರ ಇರಲೇ ಇಲ್ಲ. ಬಾಗಿಲಲ್ಲಿ ನಿಂತಿದ್ದ ಆ ನೆರಳು ಗಸ್ತಿನವರಿಗೆ ಹೆದರಿ ನಿಂತಿತ್ತು. "ತಪ್ಪು ತಿಳ್ಕೋಬೇಡ" ಎಂದಳು ವೈನಿ, ದಂಡೆ ಹತ್ತಿರವಾಗುತ್ತಿದ್ದಂತೆ, "ನಾನು ಬಂದಿದ್ದು ನಿನ್ನನ್ನ ನೋಡೋಕಲ್ಲ. ಮಗೂನ ನೋಡೋಕೆ."

ಹಲ್ಡಾ ಬಾಗಿಲಲ್ಲಿ ನಿಂತಿದ್ದಳು, ಏಪ್ರನ್ನಿಗೆ ಕೈ ಒರೆಸುತ್ತ. ಕೈ ಒಣಗಿದ್ದರೂ ಒರೆಸುತ್ತಲೇ ಇದ್ದಳು. "ಬನ್ನಿ ಅಕ್ಕಾ" ಎಂದಳು. ಆ ಒಂದು ಪದವನ್ನು ತಿಂಗಳಿಂದ ಒಳಗೊಳಗೇ ತಿದ್ದಿ ಇಟ್ಟುಕೊಂಡಿದ್ದಳೇನೋ. ಊಟದ ಮೇಜಿನ ಮೇಲೆ ಹುರಿದ ಮೀನು, ಬೇಯಿಸಿದ ಸಿಹಿಗೆಣಸು, ಮೆಕ್ಕೆಜೋಳದ ರೊಟ್ಟಿ, ಹಂದಿಯ ಕೊಬ್ಬು ಹಾಕಿದ ಸೊಪ್ಪು, ಕ್ರಿಸ್‌ಮಸ್ಸಿಗೂ ಹೊರಗೆ ತೆಗೆಯದ ಗಾಜಿನ ಬಟ್ಟಲು. ಟೆಂಪಿ ಎದ್ದು ನಿಂತು, "ನಮಸ್ಕಾರ ಮೇಡಂ" ಅಂದಳು. ಶಾಲೆಗೆ ಬಂದ ಅಧಿಕಾರಿಗೆ ಹೇಳುವ ದನಿ. ವೈನಿ ಅವಳನ್ನು ಮುಟ್ಟಲಿಲ್ಲ. ಎದುರು ಕೂತು, ಕದ್ದು ನೋಡುವವಳಂತೆ ನೋಡಿದಳು. ರೊಟ್ಟಿ ಮುರಿಯುವ ಬೆರಳುಗಳನ್ನು, ಕಿವಿಯನ್ನು, ಅಗಿಯುವಾಗ ಹುಬ್ಬು ಏಳುವುದನ್ನು. ಹಲ್ಡಾ ರೊಟ್ಟಿಯ ತಟ್ಟೆ ಮುಂದೆ ಸರಿಸುತ್ತ, "ನದಿಯಲ್ಲಿ ಚಳಿ ಇತ್ತಾ ಅಕ್ಕಾ? ಇವನು ದೋಣೀಲಿ ನಿದ್ದೆ ಮಾಡಲಿಲ್ಲ ತಾನೆ?" ಎಂದಳು. "ಈಗಲೂ ಹಾಗೇನಾ?" ಎಂದಳು ವೈನಿ. "ಈಗಲಾ! ಗೊರಕೆಗೆ ಪಕ್ಕದ ಮನೆ ನಾಯಿ ಎದ್ದು ಬೊಗಳುತ್ತೆ." ಇಬ್ಬರೂ ನಕ್ಕರು, ಮೊದಲು ಬಾಯಿ ಮುಚ್ಚಿಕೊಂಡು, ಆಮೇಲೆ ಭುಜ ಕುಲುಕಿ. ಬ್ರಿಸ್ಟೊ ಮೀನಿನ ಮುಳ್ಳು ಬಿಡಿಸುವುದರಲ್ಲಿ ಮುಳುಗಿದವನಂತೆ ತಲೆ ಬಗ್ಗಿಸಿದ. ಹಲ್ಡಾಳೊಂದಿಗೆ ಕೋರ್ಟಿನಲ್ಲಿ ಮದುವೆ ಬರೆಸಲು ಹೋದ ದಿನ ನೆನಪಾಯಿತು. ಯುದ್ಧದ ಮರುವರ್ಷ, ಗುಲಾಮರಾಗಿದ್ದವರ ಮದುವೆಗೂ ಮೊದಲ ಸಲ ಕಾನೂನಿನ ಮುದ್ರೆ ಸಿಕ್ಕಾಗ, ನಲವತ್ತು ವರ್ಷ ಸಂಸಾರ ಮಾಡಿದ ಮುದುಕ ಮುದುಕಿಯರೂ ಮದುಮಕ್ಕಳ ಹಾಗೆ ನಾಚುತ್ತ ಸಾಲಿನಲ್ಲಿ ನಿಂತಿದ್ದರು. ಎಂದಿನಿಂದ ಗಂಡ ಹೆಂಡತಿ ಎಂದು ಗುಮಾಸ್ತ ಕೇಳಿದಾಗ ಅವನ ಬಾಯಿಂದ ಬಂದದ್ದು ವೈನಿಯ ಕೈ ಹಿಡಿದ ವರ್ಷ. ಹಲ್ಡಾ ಅವನ ಕಡೆ ನೋಡದೆ, ಮೆಲ್ಲಗೆ, ವರ್ಷ ತಿದ್ದಿಸಿದ್ದಳು. ಅವತ್ತಿಗೂ ಇವತ್ತಿಗೂ ಆ ಮಾತು ಎತ್ತಿಲ್ಲ.

ನಗು ಇಳಿದ ಮೇಲೆ ಟೆಂಪಿ ಚಮಚ ಕೆಳಗಿಟ್ಟಳು. "ನಾನೊಂದು ಕೇಳಬಹುದಾ?"

"ಕೇಳು ಮಗಾ."

"ನಿಮ್ಮನ್ನ ಕರ್ಕೊಂಡು ಹೋದ ದಿನ ನಾನು ತುಂಬಾ ಅತ್ತೆನಾ?"

ಹಲ್ಡಾ ತಟ್ಟೆಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಬ್ರಿಸ್ಟೊಗೂ ಅದು ಗೊತ್ತಿರಲಿಲ್ಲ. ವೈನಿಯನ್ನು ಮಾರಿದ್ದು ವಾರದ ನಡುವೆ. ಶನಿವಾರ ಹಳ್ಳ ದಾಟಿ ಅವನು ಶಿಳ್ಳೆ ಹಾಕಿದಾಗ ಬಾಗಿಲು ತೆರೆದದ್ದು ಮಕ್ಕಳನ್ನು ನೋಡಿಕೊಳ್ಳುವ ಮುದುಕಿ. ಅಂದಿನಿಂದ ಅವನ ಮನಸ್ಸಿನಲ್ಲಿ ಎರಡು ವರ್ಷದ ಮಗು ಕೆಂಪು ಧೂಳಿನ ದಾರಿಯಲ್ಲಿ ಗಾಡಿಯ ಹಿಂದೆ ಅಳುತ್ತ ಓಡುತ್ತಲೇ ಇತ್ತು.

ವೈನಿ ಗೆಣಸಿನ ಸಿಪ್ಪೆಯನ್ನು ತಟ್ಟೆಯ ಅಂಚಿಗೆ ಸರಿಸಿದಳು. "ಇಲ್ಲ" ಎಂದಳು. "ಅಳಲಿಲ್ಲ. ಗಾಡಿ ಅಂದರೆ ನಿನಗೆ ಜೀವ. ನಾನು ಗಾಡಿ ಹತ್ತಿದ್ದು ಕಂಡು ನಿನಗೆ ಖುಷಿಯೋ ಖುಷಿ. ಚಪ್ಪಾಳೆ ತಟ್ಟಿದೆ. ಕೈ ಬೀಸಿದೆ. ನಾನೂ ನಗ್ತಾ ಕೈ ಬೀಸಿದೆ, ತಿರುವು ಬರೋ ತನಕ. ನೀನು ಹೆದರಬಾರದಲ್ಲ."

ಟೆಂಪಿ ಕುರ್ಚಿ ಹಿಂದಕ್ಕೆ ತಳ್ಳಿ ಹೊರಗೆ ಹೋದಳು. ಹಲ್ಡಾ ಏಳಲು ಹೋಗಿ, ವೈನಿಯ ಕಡೆ ನೋಡಿ, ಮತ್ತೆ ಕೂತಳು. "ನೀನು ಹೋಗು" ಎಂದಳು ಗಂಡನಿಗೆ.

ಹುಡುಗಿ ಕೋಳಿಗೂಡಿನ ಪಕ್ಕ ನಿಂತಿದ್ದಳು. ಅಳು ಬಂದು ಹೋಗಿತ್ತು. ಶಿಬಿರಕ್ಕೆ ಓಡಿಬಂದ ರಾತ್ರಿಯ ಮಗುವಾಗಿ ಕಂಡಳು ಅವನಿಗೆ. ಉತ್ತರದವರ ಸೈನ್ಯ ನ್ಯೂ ಬರ್ನ್ ಹಿಡಿದಿದೆಯೆಂದು ಸುದ್ದಿ ಬಂದದ್ದೇ ತಡ, ಅದೇ ಹಳ್ಳ ದಾಟಿ, ಚೀಟಿಯಿಲ್ಲದೆ, ಆ ಮುದುಕಿಯ ಪಕ್ಕದಿಂದ ಇವಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ನಡೆದಿದ್ದ. ಪಕ್ಕದ ಗುಡಾರದ ಹಲ್ಡಾ ಆಗ ಅವನಿಗೆ ಯಾರೋ ಏನೋ. ಸೈನ್ಯಕ್ಕೆ ಸೇರಿ ಹೋಗುವಾಗ ಮಗುವನ್ನು ಅವಳ ಕೈಗೆ ಕೊಟ್ಟು ಹೋದ. ಸಿಡುಬಿನ ಕಾಲದಲ್ಲಿ ಅವಳು ರಾತ್ರಿಗಳನ್ನು ಕೂತು ಕಳೆದು ಬದುಕಿಸಿಕೊಂಡಳು. ತಿರುಗಿ ಬಂದಾಗ ಮಗು ಅವಳ ಲಂಗದ ಮರೆಯಿಂದ ಇಣುಕಿ, "ಅಮ್ಮಾ, ಇವರು ಯಾರು?" ಎಂದು ಅವನನ್ನೇ ತೋರಿಸಿ ಕೇಳಿತ್ತು.

"ಅಪ್ಪಾ, ನಾನು ನಗ್ತಿದ್ದೆನಂತೆ."

"ಎರಡು ವರ್ಷದ ಮಗು ನೀನು."

"ಅವರು ಅದನ್ನ ಇಷ್ಟು ವರ್ಷ ಒಬ್ಬರೇ ಇಟ್ಕೊಂಡಿದ್ದಾರೆ." ಬೇಲಿಯ ಕಡ್ಡಿಯೊಂದನ್ನು ಮುರಿದಳು. "ನೀನು ನನಗೆ ಅವರ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಒಂದೇ ಒಂದು ಮಾತು. ಅವರು ಹೇಗೆ ನಗ್ತಾರೆ ಅಂತಲೂ ನನಗೆ ಗೊತ್ತಿರಲಿಲ್ಲ. ಯಾಕಪ್ಪಾ?"

ಹಲ್ಡಾಗೆ ನೋವಾಗಬಾರದೆಂದು ಹೇಳಲಿಲ್ಲ ಎನ್ನಬಹುದಿತ್ತು. ಇಷ್ಟು ದಿನ ತನಗೆ ತಾನೇ ಹಾಗೆ ಹೇಳಿಕೊಂಡಿದ್ದ. ಆದರೆ ಮಗಳ ಕಣ್ಣೆದುರು ಆ ಮಾತು ನಿಲ್ಲಲಿಲ್ಲ. ಹಂಚಿದರೆ ಕರಗಿಹೋದೀತೆಂದು, ಬೆಲ್ಲ ಬಚ್ಚಿಟ್ಟ ಹುಡುಗನ ಹಾಗೆ, ಶನಿವಾರಗಳನ್ನೆಲ್ಲ ತಾನೊಬ್ಬನೇ ಚೀಪಿದ್ದ. ಅದರಲ್ಲಿ ಈ ಹುಡುಗಿಗೂ ಒಂದು ಪಾಲಿತ್ತು. "ನಿನಗೆ ಹೇಳೋ ಹಾಗೆ ನನಗೇನೂ ಗೊತ್ತಿರಲಿಲ್ಲ ಮಗಾ" ಎಂದ. "ನಾನು ನಿದ್ದೆ ಮಾಡಿಬಿಡ್ತಿದ್ದೆ." ಟೆಂಪಿ ಅವನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಅವನ ಕೊರಳಗುಂಡಿ ಬಿಚ್ಚಿಹೋಗಿದ್ದನ್ನು ಹಾಕಿ ಒಳಗೆ ಹೋದಳು. ಬಾಗಿಲಿಂದ ಅವಳ ದನಿ ಕೇಳಿಸಿತು, ಶಾಲೆಯ ದನಿಯಲ್ಲ: "ನಾನು ಹುಟ್ಟಿದ್ದು ಹಗಲಾ, ರಾತ್ರಿನಾ?" ವೈನಿ ಹೇಳತೊಡಗಿದಳು. ಬ್ರಿಸ್ಟೊ ಮೆಟ್ಟಿಲ ಮೇಲೆ ಕೂತು ಕೇಳಿದ. ಹತ್ತಿ ಬಿಡಿಸುವ ಕಾಲ, ಮೊದಲ ಹಲ್ಲು, ಬೆಕ್ಕಿನ ಬಾಲ ಕಚ್ಚಿದ್ದು, ಮಳೆಗೆ ನಾಲಿಗೆ ಚಾಚುತ್ತಿದ್ದದ್ದು. ವಾರದ ಬೇರೆಲ್ಲ ದಿನಗಳೂ ಅಲ್ಲಿದ್ದವು. ಅವನ ಹೆಸರು ಎಲ್ಲೋ ಒಂದೆರಡು ಸಲ ಬಂದು ಹೋಯಿತು, ದೂರದ ನೆಂಟನ ಹೆಸರಿನ ಹಾಗೆ.

ಮರುದಿನ ಭಾನುವಾರ. ಚರ್ಚಿನಲ್ಲಿ ನಾಲ್ವರೂ ಒಂದೇ ಬೆಂಚಿನಲ್ಲಿ ಕೂತರು. ಹಿಂದಿನಿಂದ ಪಿಸುಮಾತು ಕೇಳಿಸುತ್ತಲೇ ಇತ್ತು. 'ಯಾವುದು ಮೊದಲಿಂದು?' 'ಆ ನೀಲಿ ವಸ್ತ್ರದೋಳು.' 'ಅಯ್ಯೋ ದೇವರೇ, ಇಬ್ಬರನ್ನೂ ಕರ್ಕೊಂಡು ಬಂದವ್ನೆ.' ಬ್ರಿಸ್ಟೊನ ಕಿವಿ ಕಾದು ಕೆಂಡವಾಯಿತು. ಪ್ರಾರ್ಥನೆ ಮುಗಿದು ಪಾದ್ರಿಗಳು, "ದೂರದಿಂದ ಬಂದವರಿದ್ದರೆ ಅವರ ಮನೆಯವರು ಎದ್ದು ಹೇಳಿ, ಸಭೆ ಸ್ವಾಗತಿಸಲಿ" ಎಂದರು. ಮನೆಯ ಗಂಡಸು ತಾನೇ ಎಂದು ಎದ್ದು ನಿಂತ. ಎಲ್ಲ ಮುಖಗಳೂ ಅವನ ಕಡೆ ತಿರುಗಿದವು. "ಇವರು" ಎಂದ. "ಇವರು ಅಲಬಾಮಾದಿಂದ... ವೈನಿ ಅಂತ. ನನ್ನ..." ಮುಂದಿನ ಪದಕ್ಕೆ ಬಾಯಿ ತೆರೆದುಕೊಂಡೇ ಇತ್ತು. ಕೋರ್ಟಿನಲ್ಲಿ ಬರೆಸಿದ ಪದ ಒಂದು, ಹಳ್ಳ ದಾಟಿ ಹೋದವನ ಪದ ಇನ್ನೊಂದು. ಎರಡರಲ್ಲಿ ಯಾವುದನ್ನು ಆಡಿದರೂ ಒಬ್ಬಳು ಹೆಂಗಸು ಈ ಜನದ ನಡುವೆ ಬೆತ್ತಲಾಗುತ್ತಿದ್ದಳು. ಯಾರೋ ಕೆಮ್ಮಿದರು. ಮುಂದಿನ ಸಾಲಿನಲ್ಲಿ ಒಂದು ಮಗು ಅವನನ್ನೇ ನೋಡುತ್ತಿತ್ತು.

ಆಗ ಹಲ್ಡಾ ಎದ್ದಳು. ಕೈಯಲ್ಲಿದ್ದ ಹಾಡಿನ ಪುಸ್ತಕವನ್ನು ಬೆಂಚಿನ ಮೇಲಿಟ್ಟು, ಯಾರ ಕಡೆಗೂ ಅಲ್ಲದೆ ನೇರ ಎದುರಿಗೆ ನೋಡುತ್ತ, ಬಟ್ಟೆ ಒಗೆಯುವ ಹೆಂಗಸರು ದಂಡೆಯಿಂದ ದಂಡೆಗೆ ಕೂಗುವ ದನಿಯಲ್ಲಿ ಹೇಳಿದಳು:

"ಇವರು ವೈನಿ. ನಮ್ಮ ಟೆಂಪಿಯ ತಾಯಿ. ಮಗಳನ್ನ ನೋಡೋಕೆ ಬಂದವರೆ."

ಹೇಳಿ ಕೂತುಬಿಟ್ಟಳು. ಆಮೇಲೆ ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿ 'ಆಮೆನ್' ಅಂದಳು, ಇನ್ನೊಬ್ಬಳು ಅಂದಳು, ಮಾರಿಹೋದ ಮಕ್ಕಳನ್ನು ಇನ್ನೂ ಕಾಯುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಅನ್ನತೊಡಗಿದರು. ವೈನಿ ನೀಲಿ ವಸ್ತ್ರದ ತುದಿಯಲ್ಲಿ ಮುಖ ಮುಚ್ಚಿಕೊಂಡಳು. ಟೆಂಪಿ ಹಲ್ಡಾಳ ತೋಳಿಗೆ ಒರಗಿ, ಇನ್ನೊಂದು ಕೈಯನ್ನು ವೈನಿಯ ಬೆನ್ನ ಮೇಲಿಟ್ಟಳು. ಬ್ರಿಸ್ಟೊ ಇನ್ನೂ ನಿಂತೇ ಇದ್ದ. ಹಲ್ಡಾ ಅವನ ಕೋಟಿನ ಚುಂಗು ಹಿಡಿದು ಎಳೆದಾಗ, ತನಗೆ ಬೆಂಚಿನ ತುದಿಯಲ್ಲಿ ಬಿಟ್ಟಿದ್ದ ಜಾಗದಲ್ಲಿ ಮೆಲ್ಲಗೆ ಕೂತುಕೊಂಡ.